ಮಾರ್ಕರ್ ಸೋತ ಆಟಗಳು

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಕಲಬುರಗಿಯ ಒಂದು ಕ್ಲಬ್ಬಿನಲ್ಲಿ ಸ್ಕ್ವಾಷ್ ಆಡುವ ಕೋಣೆಯನ್ನು ಒರೆಸುವುದು ನನ್ನ ಕೆಲಸವಾಗಿತ್ತು. ಆ ವರ್ಷ ಊರಿನಲ್ಲಿ ಮೊದಲ ಸಲ ಸ್ಕ್ವಾಷ್ ಲೀಗ್ ಅಂತ ನಡೆಯಿತು. ಅದರಲ್ಲಿ ಆಡಲು ಹೆಸರು ಕೊಟ್ಟವರಲ್ಲಿ ನಮ್ಮ ಕ್ಲಬ್ಬಿನ ಮಾರ್ಕರ್ ಕೂಡ ಒಬ್ಬ. ಅವನ ಬಗ್ಗೆ ಬರೆಯುತ್ತಿದ್ದೇನೆ.

ಈ ಬೇಸಿಗೆಯಲ್ಲಿ ಅವನು ಹೋದ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಒಳ್ಳೆಯ ಸಾವು. ಮಣ್ಣು ಕೊಡಲು ಅವನ ಊರು ಕಮಲಾಪುರಕ್ಕೆ ಹೋಗಿದ್ದೆ. ಅಳು ಬರಲಿಲ್ಲ. ಬಿಸಿಲು ಬಹಳ ಇತ್ತು, ನೆರಳು ಹುಡುಕುವುದೇ ಕೆಲಸವಾಯಿತು. ಮೂರನೆಯ ದಿನ ಅವನ ಮಗಳು, "ಅಪ್ಪನ ಬಗ್ಗೆ ನಿಮಗ ಗೊತ್ತಿದ್ದದ್ದು ಬರದು ಕೊಡ್ರಿ ಆಯಿ, ಹೆಸರು ಮಾತ್ರ ಹಾಕಬ್ಯಾಡ್ರಿ" ಎಂದಳು. ಹಾಕುವುದಿಲ್ಲ. ಕ್ಲಬ್ಬಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ. ಇದರಲ್ಲಿ ಬರುವ ಇನ್ನೊಬ್ಬರು ವಕೀಲ ಸಾಹೇಬರು, ಆಗ ಕ್ಲಬ್ಬಿನ ಸೆಕ್ರೆಟರಿ. ಅವರು ತೀರಿಕೊಂಡೂ ಐದು ವರ್ಷವಾಯಿತು. ಆದ್ದರಿಂದ ಈಗ ಬರೆದರೆ ಯಾರಿಗೂ ನೋಯುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ನಾಲ್ಕು ಗೋಡೆಯ ಒಳಗೆ ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಂತು, ಎದುರಿನ ಗೋಡೆಗೆ ಸಣ್ಣ ಕಪ್ಪು ರಬ್ಬರ್ ಚೆಂಡನ್ನು ಹೊಡೆಯುತ್ತಾರೆ. ಆ ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ತಗಡು ಬಡಿದಿರುತ್ತದೆ. ಚೆಂಡು ತಗಡಿಗೆ ಬಿದ್ದು ಢಣ್ ಎಂದರೆ ಹೊಡೆದವನ ಪಾಯಿಂಟು ಹೋಯಿತು. ಹನ್ನೊಂದು ಪಾಯಿಂಟಿಗೆ ಒಂದು ಆಟ. ಮೂರು ಆಟ ಗೆದ್ದವನು ಗೆದ್ದಂತೆ. ಮಾರ್ಕರ್ ಎಂದರೆ ಪಾಯಿಂಟು ಕೂಗುವವನು. ಜೊತೆಗೆ ಯಾರೂ ಸಿಗದ ಸಾಹೇಬರ ಎದುರು ಬ್ಯಾಟು ಹಿಡಿದು ನಿಲ್ಲುವವನೂ ಅವನೇ.

ಲೀಗಿಗೆ ಕೆಲವು ವರ್ಷ ಮುಂಚೆ, ನಾನು ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ಅವನು ನನ್ನನ್ನು ಬೈದ. ನಾನು ಮರದ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದೆ. ಒಬ್ಬ ಡಾಕ್ಟರು ಜಾರಿ ಬಿದ್ದರು. "ಯಕ್ಕಾ, ಇದು ದವಾಖಾನಿ ಅಲ್ಲ, ಇಲ್ಲಿ ಬಿದ್ದವರು ದವಾಖಾನಿಗೆ ಹೋಗ್ತಾರ" ಎಂದ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಮರದ ಎಳೆ ಹೋದ ದಿಕ್ಕಿಗೇ ಒರೆಸಬೇಕು ಎಂದು ತಾನೇ ಮಂಡಿಯೂರಿ ತೋರಿಸಿದ. ಗಂಡಸು ನೆಲ ಒರೆಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿಯೇ ಒರೆಸಿದ.

ಲೀಗಿನ ವರ್ಷ ಅವನಿಗೆ ಐವತ್ತೆರಡು. ಒಣಕಲು ಮೈ, ಉದ್ದ ಕೈ. ಬೆಳಿಗ್ಗೆ ಕಮಲಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಬಂದವನೇ ಕ್ಯಾನ್ವಾಸ್ ಬೂಟಿಗೆ ಸುಣ್ಣದಂಥ ಬಿಳಿ ಬಣ್ಣ ಹಚ್ಚಿ ಕಿಟಕಿಯಲ್ಲಿ ಒಣಗಲು ಇಡುತ್ತಿದ್ದ. ಅದರ ಪಕ್ಕದಲ್ಲಿ ಎಷ್ಟೋ ದಿನ ಅವರ ಊರಿನ ಕೆಂಪು ಬಾಳೆಹಣ್ಣು ಒಂದು ಇರುತ್ತಿತ್ತು. ನಿನಗೆ ಎಂದು ಅವನು ಹೇಳಿದವನಲ್ಲ, ನನಗೇ ಎಂದು ಕೇಳಿದವಳು ನಾನಲ್ಲ. ತಿನ್ನುತ್ತಿದ್ದೆ. ಚಳಿಗಾಲದಲ್ಲಿ ಚೆಂಡು ತಣ್ಣಗಾದರೆ ಪುಟಿಯುವುದಿಲ್ಲ ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಚಹಾ ಕುಡಿಯುವಾಗಲೂ ಒಂದು ಕೈ ಮೈಗೆ ಒತ್ತಿಯೇ ಇರುತ್ತಿತ್ತು. ಹೊಸಬರು ಅವನಿಗೆ ಅರ್ಧಾಂಗವಾಯು ಆಗಿದೆ ಎಂದುಕೊಳ್ಳುತ್ತಿದ್ದರು.

ಅವನು ಅಂಜುಬುರುಕ ಎಂದು ಕೆಲವು ದಿನ ತಿಳಿದಿದ್ದೆ. ಸಾಹೇಬರು ಏನೆಂದರೂ ಹೌದ್ರಿ, ಹೌದ್ರಿ. ಆದರೆ ಒಂದು ದಿನ ದೊಡ್ಡ ಹುದ್ದೆಯವರೊಬ್ಬರು ನೆಲಕ್ಕೆ ಕರೆ ಹತ್ತುವ ಕಪ್ಪು ಅಟ್ಟೆಯ ಬೂಟು ಹಾಕಿಕೊಂಡು ಒಳಗೆ ಬರಲು ಹೋದರು. ಇವನು ಬಾಗಿಲಿಗೆ ಅಡ್ಡ ನಿಂತುಬಿಟ್ಟ. ನಾನು ಯಾರು ಗೊತ್ತೇನು ಎಂದು ಅವರು ಕೇಳಿದರು. ಗೊತ್ತದರಿ, ಬೂಟು ಬಿಚ್ಚರಿ ಎಂದ. ಅವರು ಬಿಚ್ಚಿದರು. ಬರಿಗಾಲಲ್ಲಿ ಆಡಿ, ಇವನನ್ನು ಮೂರು ಆಟದಲ್ಲಿ ಸೋಲಿಸಿ, ಬೆನ್ನು ತಟ್ಟಿ ಹೋದರು.

ಅಲ್ಲಿಂದ ನನಗೆ ತಲೆ ಕೆಟ್ಟಿತು. ಎಲ್ಲರ ಎದುರೂ ಇವನು ಸೋಲುತ್ತಿದ್ದ. ಡಾಕ್ಟರಿಗೂ ಸೋತ, ಬ್ಯಾಂಕಿನವರಿಗೂ ಸೋತ. ವಕೀಲ ಸಾಹೇಬರಿಗಂತೂ ದಿನವೂ ಸೋಲು. ಅದೂ ಸ್ವಲ್ಪದರಲ್ಲಿ, ಹನ್ನೊಂದು ಒಂಬತ್ತು, ಹನ್ನೊಂದು ಎಂಟು. ಓದು ನನಗೆ ಅಷ್ಟಕ್ಕಷ್ಟೆ, ಆದರೆ ಗೋಡೆ ಒರೆಸುವವಳು ನಾನು. ಚೆಂಡು ಬಿದ್ದಲ್ಲೆಲ್ಲ ಕಪ್ಪು ಗುರುತು ಉಳಿಯುತ್ತದೆ. ಸಾಹೇಬರು ಹೊಡೆದ ಗುರುತುಗಳು ಗೋಡೆ ತುಂಬ ಚೆಲ್ಲಾಪಿಲ್ಲಿ ಇರುತ್ತಿದ್ದವು. ಬೆಳಿಗ್ಗೆ ಇವನೊಬ್ಬನೇ ಆಡಿದ ಮೇಲೆ ನೋಡಿದರೆ, ತಗಡಿನಿಂದ ನಾಲ್ಕು ಬೆರಳು ಮೇಲೆ, ಎಡಮೂಲೆಯಲ್ಲಿ, ಒಂದು ರೊಟ್ಟಿಯಷ್ಟು ಅಗಲ ಮಾತ್ರ ಕಪ್ಪಾಗಿರುತ್ತಿತ್ತು. ಅದರ ಆಚೆ ಒಂದು ಚುಕ್ಕೆ ಇಲ್ಲ. ಸಾಹೇಬರ ಜೊತೆ ಆಡುವಾಗ ಇವನು ತಗಡಿಗೆ ಹೊಡೆದು ಕಳೆದುಕೊಂಡ ಚೆಂಡುಗಳ ಗುರುತನ್ನು ನೋಡಿದೆ. ಅವೂ ಒಂದೇ ಕಡೆ, ತಗಡಿನ ಮೇಲಿನ ಗೆರೆಯಿಂದ ಒಂದು ಗೇಣು ಕೆಳಗೆ. ತಗಡು ಅಲ್ಲಿ ತಗ್ಗೇ ಬಿದ್ದಿತ್ತು. ತಪ್ಪುವ ಮನುಷ್ಯ ದಿನಕ್ಕೊಂದು ಕಡೆ ತಪ್ಪುತ್ತಾನೆ. ದಿನವೂ ಒಂದೇ ಜಾಗದಲ್ಲಿ ತಪ್ಪುವವನು ತಪ್ಪುತ್ತಿಲ್ಲ.

ನೇರವಾಗಿ ಕೇಳಿದೆ. "ಬೇಕಂತ ಸೋಲ್ತಿ ಏನೋ ನೀನು?"

ಅವನು ಮೊದಲು ಇಲ್ಲ ಎಂದ. ತಗಡು ಒರೆಸುವವಳು ನಾನು, ನನ್ನ ಮುಂದೆ ಸುಳ್ಳು ಬೇಡ ಎಂದಾಗ ಸುತ್ತ ನೋಡಿ ನಕ್ಕ.

"ಯಕ್ಕಾ, ಸೋಲೋದು ಯಾರಿಗಾದ್ರೂ ಬರ್ತದ. ಗೆದ್ದಾಂವಗ ಅನುಮಾನ ಬರದಂಗ ಸೋಲೋದು ವಿದ್ಯಾ ಅದ."

ಆ ವಿದ್ಯೆಯನ್ನು ಅವನು ವಿವರಿಸಿದಾಗ ನನಗೆ ಬೈಯಲೂ ಆಗಲಿಲ್ಲ. ವಕೀಲ ಸಾಹೇಬರು ಚೀಲವನ್ನು ಬೆಂಚಿನ ಮೇಲೆ ಎಸೆದರೆ ಅವತ್ತು ಕೋರ್ಟಿನಲ್ಲಿ ಕೇಸು ಹೋಗಿದೆ ಎಂದರ್ಥ. ಅಂಥ ದಿನ ಮೂರು ಆಟದಲ್ಲೇ ಬಿಟ್ಟುಕೊಡಬೇಕು. ಚೀಲವನ್ನು ಮೆಲ್ಲಗೆ ಇಟ್ಟು ಹಾಡು ಗುನುಗಿದರೆ ಸಾಹೇಬರು ಉಬ್ಬಿದ್ದಾರೆ, ಐದು ಆಟದವರೆಗೆ ಎಳೆದು ಬೆವರು ಇಳಿಸಬೇಕು. ಹೀಗೆ ಇಪ್ಪತ್ತು ಮಂದಿ ಮೆಂಬರುಗಳ ಲೆಕ್ಕ ಅವನ ತಲೆಯಲ್ಲಿತ್ತು. ಮನೆಗೆ ಹೋಗಿ ಹೆಂಡತಿಯ ಮೇಲೆ ಕೂಗಾಡುವವರನ್ನು ತಾನು ಇಲ್ಲೇ ತಣ್ಣಗೆ ಮಾಡಿ ಕಳಿಸುತ್ತೇನೆ ಎಂದ. ಇದು ಮೋಸ ಎಂದೆ. ಕೆಲಸ ಎಂದ. ಆ ಮಾತು ಅಲ್ಲಿಗೇ ನಿಂತಿತು. ಇಬ್ಬರೂ ಒಪ್ಪಲಿಲ್ಲ.

ಒಂದು ಸಲ ಕಮಲಾಪುರಕ್ಕೆ ಬಾ ಎಂದ. ಸಂಕ್ರಮಣ ಮುಗಿದ ಮೇಲಿನ ಭಾನುವಾರ ಅಲ್ಲಿ ಅವನೇ ವರ್ಷವೂ ಒಂದು ಪಂದ್ಯ ನಡೆಸುತ್ತಿದ್ದ. ಸ್ಕ್ವಾಷ್ ಕೋಣೆ ಆ ಊರಿಗೆ ಎಲ್ಲಿಂದ ಬರಬೇಕು? ಬಾಳೆಹಣ್ಣು ಇಡುವ ಗೋದಾಮಿನ ಹಿಂದಿನ ಗೋಡೆಗೆ ಸುಣ್ಣ ಬಳಿದು, ಇದ್ದಲಿನಿಂದ ಗೆರೆ ಹಾಕಿ, ತಗಡಿನ ಬದಲು ಎಣ್ಣೆ ಡಬ್ಬಿಗಳನ್ನು ಬಡಿದು ಚಪ್ಪಟೆ ಮಾಡಿ ಹೊಡೆದಿದ್ದ. ಬಡಗಿ ಕೊರೆದ ಮರದ ಬ್ಯಾಟುಗಳು. ಊರಿನ ಲೈನ್‌ಮನ್, ಹೋಟೆಲಿನವನು, ಇಬ್ಬರು ಮಾಸ್ತರರು, ಹಣ್ಣಿನ ವ್ಯಾಪಾರಿ, ಎಲ್ಲರೂ ಸಾಲು ನಿಂತು ಆಡಿದರು. ಹೆಂಗಸರು ಕಟ್ಟೆಯ ಮೇಲೆ ಕೂತು ಗಂಡಂದಿರನ್ನು ಬೈದರು.

ಅಲ್ಲಿ ನೋಡಬೇಕಿತ್ತು ಅವನನ್ನು. ಹೆಂಡತಿಯ ತಮ್ಮ ಎದುರು ನಿಂತಿದ್ದ. ಇವನು ಒಂದು ಪಾಯಿಂಟೂ ಬಿಡಲಿಲ್ಲ. ಹನ್ನೊಂದು ಸೊನ್ನೆ. ಆ ಮನುಷ್ಯ ಮುನಿಸಿಕೊಂಡು ಊಟಕ್ಕೇ ಬರಲಿಲ್ಲ. ಅವನ ಅಕ್ಕ, ಅಂದರೆ ಮಾರ್ಕರನ ಹೆಂಡತಿ, ಒಲೆಯ ಮುಂದೆ ಕೂತು, "ಒಂದಾದ್ರೂ ಬಿಟ್ಟಿದ್ರ ಇವರ ಗಂಟೇನು ಹೋಗ್ತಿತ್ತು?" ಎಂದು ನನ್ನ ಮುಂದೆ ದೂರಿದಳು. ನಾನೂ ಮಾರ್ಕರನನ್ನು ಅದನ್ನೇ ಕೇಳಿದೆ.

"ಇಲ್ಲ್ಯಾಕ ಸೋಲ್ಲಿ ಯಕ್ಕಾ? ಇಲ್ಲಿ ಪಗಾರ ಯಾರು ಕೊಡ್ತಾರ?" ಎಂದ.

ಲೀಗಿನ ಕಾಗದವನ್ನು ಕ್ಲಬ್ಬಿನ ಹಲಗೆಗೆ ಅಂಟಿಸಿದ್ದು ಅದಾಗಿ ಒಂದು ತಿಂಗಳಿಗೆ. ಕ್ಲಬ್ಬಿನವರು, ಕಾಲೇಜಿನವರು, ಕಪನೂರಿನ ಕಾರ್ಖಾನೆಗಳವರು, ಜಿಲ್ಲೆಯ ಯಾರಾದರೂ ಆಡಬಹುದು. ಎಲ್ಲರೂ ಎಲ್ಲರ ಎದುರು ಒಂದೊಂದು ಸಲ ಆಡಬೇಕು, ಪ್ರತಿ ಭಾನುವಾರ, ನಮ್ಮ ಕೋಣೆಯಲ್ಲೇ. ಇವನು ಆ ಕಾಗದದ ಮುಂದೆ ಎಂಟು ದಿನ ನಿಂತ. ನಾನು ನೆಲ ಒರೆಸಿ ಬರುವಾಗಲೂ ನಿಂತಿರುತ್ತಿದ್ದ, ಬಕೀಟು ತೊಳೆದು ಬರುವಾಗಲೂ ನಿಂತಿರುತ್ತಿದ್ದ.

"ಯಾರಾದರೂ ಅಂದ್ರ ಯಾರು ಯಕ್ಕಾ?"

"ಯಾರಾದರೂ ಅಂದ್ರ ಯಾರಾದರೂ. ನಿನಗ ಕೈಕಾಲು ಇಲ್ಲೇನು?"

ಕಮಿಟಿಯಲ್ಲಿ ಇಬ್ಬರು ತಕರಾರು ಮಾಡಿದರು. ನೌಕರ ಆಡಿದರೆ ಪಾಯಿಂಟು ಕೂಗುವವರು ಯಾರು ಎಂದರು. ವಕೀಲ ಸಾಹೇಬರೇ ನಕ್ಕು ಅವನ ಹೆಸರು ಬರೆಸಿದರು. ದಿನಾ ನಾನು ಸೋಲಿಸುವವನು, ಲೀಗಿನಲ್ಲಿ ಏನು ಕಿತ್ತಾನು ಎಂದು ಅವರ ಲೆಕ್ಕ.

ಎರಡು ತಿಂಗಳು ಲೀಗ್ ನಡೆಯಿತು. ಮಾರ್ಕರ್ ಕಾಲೇಜಿನವರನ್ನು ಸೋಲಿಸಿದ. ಕಪನೂರಿನ ಇಂಜಿನಿಯರನ್ನು ಸೋಲಿಸಿದ. ಹೊರಗಿನವರಿಗೆ ಸೋಲುವುದು ಅವನ ಕೆಲಸದಲ್ಲಿ ಸೇರಿರಲಿಲ್ಲ. ಕ್ಲಬ್ಬಿನ ಬೇರೆ ಮೆಂಬರುಗಳು ಮೊದಲ ವಾರಗಳಲ್ಲೇ ಸೋತು ಹೆಸರು ತೆಗೆಸಿದ್ದರು, ಹಾಗಾಗಿ ಅವರ್‍ಯಾರೂ ಇವನ ಎದುರು ಬರಲೇ ಇಲ್ಲ. ವಕೀಲ ಸಾಹೇಬರು ಚೆನ್ನಾಗಿಯೇ ಆಡುತ್ತಿದ್ದರು, ಅವರೂ ಎಲ್ಲರನ್ನೂ ಗೆದ್ದರು. ಮಾರ್ಕರ್ ಗೆದ್ದಷ್ಟೂ ಅವರಿಗೆ ಖುಷಿ. ಅವರಿಗಿಂತ ಇವನು ಮೇಲು, ಇವನಿಗಿಂತ ನಾನು ಮೇಲು ಎಂದು ಚಹಾ ಕುಡಿಯುತ್ತಾ ಎಲ್ಲರಿಗೂ ಹೇಳುತ್ತಿದ್ದರು. ಕೊನೆಗೆ ಒಂದೂ ಸೋಲದವರು ಇಬ್ಬರೇ ಉಳಿದರು. ಕೊನೆಯ ಭಾನುವಾರ ಅವರಿಬ್ಬರ ಆಟ.

ಆ ವಾರವೆಲ್ಲ ಮಾರ್ಕರ್ ಬೂಟಿಗೆ ಬಣ್ಣ ಹಚ್ಚುವುದನ್ನು ಮರೆತ. ವಿಷಯ ಸರಳವಾಗಿತ್ತು. ಹದಿನಾಲ್ಕು ವರ್ಷವಾದರೂ ಅವನ ನೌಕರಿ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಸೆಕ್ರೆಟರಿ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಗಳು ಇನ್ನೂ ನರ್ಸಿಂಗ್ ಓದುತ್ತಿದ್ದಳು. ಗೆದ್ದರೆ, ಹದಿನಾಲ್ಕು ವರ್ಷ ದಿನವೂ ಗೆದ್ದ ಸಾಹೇಬರಿಗೆ ತಾವು ಗೆದ್ದದ್ದು ಎಂಥ ಗೆಲುವು ಎಂದು ಜನರ ಮುಂದೆ ಗೊತ್ತಾಗುತ್ತದೆ. ಸೋತರೆ, ಈ ಊರಿನಲ್ಲಿ ಅವನ ಖರೆ ಆಟವನ್ನು ನೋಡಿದ್ದು ಒಂದು ಗೋಡೆ ಮತ್ತು ಒಬ್ಬ ಮುದುಕಿ ಎಂದಾಗುತ್ತದೆ. ಏನು ಮಾಡುತ್ತೀ ಎಂದು ಕೇಳಿದೆ. ಹನ್ನೊಂದು ಒಂಬತ್ತಕ್ಕೆ ಸೋತು, ಐದು ಆಟದವರೆಗೆ ಎಳೆದು, ಇಬ್ಬರ ಮಾನವನ್ನೂ ಉಳಿಸುತ್ತೇನೆ ಎಂದ. ಹೇಡಿ ಎಂದು ಬೈದೆ.

ಭಾನುವಾರ ಮೇಲಿನ ಗ್ಯಾಲರಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಆಟದ ನಡುವೆ ನೆಲಕ್ಕೆ ಬಿದ್ದ ಬೆವರನ್ನು ಒರೆಸಲು ನನ್ನನ್ನು ಬಾಗಿಲಲ್ಲೇ ಕೂರಿಸಿದ್ದರು. ಪಾಯಿಂಟು ಕೂಗಲು ಕಾಲೇಜಿನ ಪಿ.ಟಿ. ಮಾಸ್ತರರು ಬಂದಿದ್ದರು. ಒಳಗೆ ಹೋಗುವ ಮುಂಚೆ ವಕೀಲ ಸಾಹೇಬರು ಮಾರ್ಕರನ ಹೆಗಲ ಮೇಲೆ ಕೈ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ.

"ಅಂಜಬ್ಯಾಡ. ಜನರ ಮುಂದ ನಿನ್ನ ಮರ್ಯಾದಿ ತಗಿಯಂಗಿಲ್ಲ. ನಾಕಾರು ಪಾಯಿಂಟ್ ಬಿಟ್ಟು ಕೊಡ್ತೀನಿ."

ಮಾರ್ಕರನ ಮುಖವನ್ನು ನಾನು ನೋಡಿದೆ. ಹದಿನಾಲ್ಕು ವರ್ಷ ಪಾಯಿಂಟು ಕೊಟ್ಟ ಕೈ ಅವನದು. ತೆಗೆದುಕೊಳ್ಳಲು ಅದಕ್ಕೆ ಬರಲಿಲ್ಲ.

"ಬ್ಯಾಡ್ರಿ ಸಾಹೇಬರ" ಎಂದ. ಅಷ್ಟೇ.

ಮೊದಲ ಆಟ ಮಾರ್ಕರನಿಗೆ, ಹನ್ನೊಂದು ಎರಡು. ಗ್ಯಾಲರಿಯಲ್ಲಿ ಮೊದಮೊದಲು ನಗುತ್ತಿದ್ದವರು ಬಗ್ಗಿ ನೋಡತೊಡಗಿದರು. ನಾನು ಒಳಗೆ ಹೋಗಿ ಒರೆಸಿ ಬಂದೆ. ಬೆವರೆಲ್ಲ ಸಾಹೇಬರು ಓಡಿದ ಕಡೆಯೇ ಇತ್ತು. ಎರಡನೆಯದು ಹನ್ನೊಂದು ಮೂರು. ಆ ಆಟದಲ್ಲಿ ತಗಡು ಒಂದು ಸಲವೂ ಮಾರ್ಕರನ ಚೆಂಡಿಗೆ ಢಣ್ ಎನ್ನಲಿಲ್ಲ. ಎರಡನೆಯ ಸಲ ಒರೆಸಲು ಹೋಗಿ ಮಂಡಿಯೂರಿದ್ದಾಗ ಅವರಿಬ್ಬರೂ ನನ್ನ ತಲೆಯ ಮೇಲೆಯೇ ಮಾತಾಡಿದರು. ಒರೆಸುವವಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಎಷ್ಟು ವರ್ಷದಿಂದ?" ಎಂದರು ಸಾಹೇಬರು. ದನಿ ಕೆಳಗಿತ್ತು.

"ಹದಿನಾಲ್ಕು ರೀ."

"ಎಲ್ಲಾ?"

ಮಾರ್ಕರ್ ಬ್ಯಾಟಿನ ಹಿಡಿಯನ್ನು ಅಂಗಿಗೆ ಒರೆಸಿದ. "ಎಲ್ಲಾ ಅಲ್ರಿ. ಒಂದೆರಡು ಖರೇವೂ ಅದಾವ."

"ಯಾವು?"

"ಅದು ನಿಮಗ ಗೊತ್ತಿರಬೇಕ್ರಿ."

ಮೂರನೆಯ ಆಟದಲ್ಲಿ ಸಾಹೇಬರು ಪ್ರಾಣ ಪಣಕ್ಕಿಟ್ಟು ಆಡಿದರು. ಗೋಡೆಗೆ ಹಣೆ ಬಡಿದುಕೊಂಡರು, ಮೊಣಕೈ ತರಚಿಕೊಂಡರು. ಹನ್ನೊಂದು ನಾಲ್ಕು. ಆ ನಾಲ್ಕು ಅವರ ಸ್ವಂತದ್ದು. ಕೈ ಕುಲುಕಿ, ಸ್ನಾನವನ್ನೂ ಮಾಡದೆ ಹೊರಟರು. ಹೋಗುತ್ತಾ ಆಫೀಸಿನ ಗುಮಾಸ್ತರಿಗೆ ಕ್ಲಬ್ಬಿನ ಹೆಸರಿರುವ ಕಾಗದ ಒಂದು ಕೊಡಿ ಎಂದರು. ಅದನ್ನು ನಾನೂ ಕೇಳಿದೆ, ಮಾರ್ಕರನೂ ಕೇಳಿದ.

ಅವನಿಗೆ ಒಂದು ಕಪ್ಪು ಕೊಟ್ಟರು. ಅದನ್ನು ಬೆಂಚಿನ ಮೇಲೆ ಇಟ್ಟು, ಉಳಿದಿದ್ದ ಇನ್ನೊಂದು ಆಟಕ್ಕೆ ಗ್ಯಾಲರಿ ಹತ್ತಿ ಪಾಯಿಂಟು ಕೂಗಿದ. ಮಾಸ್ತರರು ಕೂಗುವುದು ಸರಿಯಿಲ್ಲ ಎಂದ. ಸಂಜೆಯಾಗುವುದರೊಳಗೆ ಮೂವರು ಮೆಂಬರುಗಳು ಒಬ್ಬೊಬ್ಬರಾಗಿ ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ, ಹಾಗಾದರೆ ನಾನು ಗೆದ್ದ ಆಟಗಳು ಹೇಗೆ ಎಂದು ಕೇಳಿದರು. ಮೂವರಿಗೂ ಒಂದೇ ಉತ್ತರ ಕೊಟ್ಟ. ಒಂದೆರಡು ಖರೇವು ಅದಾವ್ರಿ. ಮೂವರೂ ಬೆನ್ನು ನೆಟ್ಟಗೆ ಮಾಡಿಕೊಂಡು ಹೋದರು.

ಬಸ್ಸಿಗೆ ಹೊರಟಾಗ ನಾನು ತಡೆದು ನಿಲ್ಲಿಸಿದೆ.

"ನನಗರೆ ಖರೆ ಹೇಳು. ವಕೀಲ ಸಾಹೇಬರು ಗೆದ್ದದ್ದು ಎಷ್ಟು?"

ಅವನು ಬಲಗೈ ಬಿಚ್ಚಿ ತೋರಿಸಿದ. ಗಂಟುಗಂಟಾದ ಬರಿ ಅಂಗೈ. ಒಂದೂ ಇಲ್ಲ.

"ಮತ್ತ ಯಾಕ ಹಂಗಂದಿ?"

"ಮೂರೂ ಆಟ ನಾನಽ ಇಟ್ಕೊಂಡೀನಿ ಯಕ್ಕಾ. ಮನುಷ್ಯಗ ಏನಾರ ಒಂದು ಬಿಡಬೇಕಲ್ಲ" ಎಂದ. ಆಮೇಲೆ, ನಾಳೆಯಿಂದ ತಾನು ಬಾರದಿದ್ದರೆ ಚಳಿಗಾಲದಲ್ಲಿ ಚೆಂಡನ್ನು ಹೇಗೆ ಬೆಚ್ಚಗೆ ಮಾಡಬೇಕೆಂದು ಹೊಸಬನಿಗೆ ಹೇಳು ಎಂದ. ಕಪ್ಪನ್ನು ಕೈಚೀಲಕ್ಕೆ ಹಾಕಿಕೊಂಡು ಹೋದ. ಅವನನ್ನು ಹೇಡಿ ಎಂದಿದ್ದಕ್ಕೆ ತಪ್ಪಾಯಿತು ಎನ್ನಬೇಕಿತ್ತು. ನನಗೆ ಅಂಥ ಮಾತು ಬಾಯಿಗೆ ಬರುವುದಿಲ್ಲ, ಅವತ್ತೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಬರುವ ಮುಂಚೆಯೇ ವಕೀಲ ಸಾಹೇಬರು ಬಂದರು. ನಾನು ಕೋಣೆಯ ಒಳಗಿದ್ದೆ. ಅವರ ಹಣೆಗೆ ಪಟ್ಟಿ ಇತ್ತು. ಕೈಯಲ್ಲಿ ಆ ಕಾಗದ, ಮಾರ್ಕರನನ್ನು ಕೆಲಸದಿಂದ ತೆಗೆಯಲು ಬರೆದು ತುಂಬಿಸಿದ್ದು, ಸಹಿ ಒಂದು ಬಾಕಿ.

"ನೀ ಸುಳ್ಳ ಹೇಳಾಕಿ ಅಲ್ಲ" ಎಂದರು. ಅದು ಖರೆ. ಹಿಂದೊಮ್ಮೆ ಕ್ಲಬ್ಬಿನಲ್ಲಿ ಕೈಗಡಿಯಾರ ಕಳುವಾದಾಗ, ಎತ್ತಿದ್ದು ನಿಮ್ಮ ಅಳಿಯನೇ ಎಂದು ಅವರ ಮುಖಕ್ಕೇ ಹೇಳಿದವಳು ನಾನು. "ದಿನಾ ಇಲ್ಲೇ ಇರ್ತಿ, ಎಲ್ಲಾ ನೋಡಿದಿ. ಒಂದೆರಡು ಖರೇವು ಅದಾವ ಅಂದ ಅಂವ. ಅದಾದ್ರೂ ಖರೆ ಏನು? ಇಲ್ಲಾ ಅದೂ ಭಿಕ್ಷಾ ಹಾಕಿದ್ದೋ?"

ಬಟ್ಟೆಯನ್ನು ಬಕೀಟಿಗೆ ಅದ್ದಿ ಹಿಂಡಿದೆ. ಸುಳ್ಳು ಹೇಳಿ ನನಗೆ ರೂಢಿಯಿಲ್ಲ, ಎಷ್ಟು ಹೇಳಿದರೆ ಸರಿ ಎಂದು ತಿಳಿಯಲಿಲ್ಲ. ಹತ್ತು ಎಂದರೆ ನಂಬಲಿಕ್ಕಿಲ್ಲ. ಒಂದು ಎಂದರೆ ಕನಿಕರ ಮಾಡಿದಂತೆ ಆಗುತ್ತದೆ.

"ಮೂರು ರೀ" ಎಂದೆ.

"ಯಾವ್ಯಾವು?"

ಒಂದು ಶ್ರಾವಣದಲ್ಲಿ, ಮಳೆಗೆ ಬೇರೆ ಯಾರೂ ಬಾರದ ದಿನ ಎಂದೆ. ಸಾಹೇಬರು ತಲೆಯಾಡಿಸಿದರು. ಇನ್ನೊಂದು ನಿಮ್ಮ ಮಗಳ ಲಗ್ನದ ಹಿಂದಿನ ವಾರ ಎಂದೆ. ಹೌದು, ಹೌದು, ಅವತ್ತು ನನ್ನ ಕೈ ಛಲೋ ನಡೆದಿತ್ತು ಎಂದರು. ಮೂರನೆಯದು ಹೋದ ಚಳಿಗಾಲದಲ್ಲಿ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರೇ ಮುಂದೆ ಹೋದರು. ಅವತ್ತಿನ ಕೊನೆಯ ಚೆಂಡು ಬಲಮೂಲೆಯ ಬುಡಕ್ಕೆ ಬಿದ್ದು ಅಲ್ಲೇ ಸತ್ತಿತ್ತು, ಮಾರ್ಕರ್ ಓಡಿ ಬಂದರೂ ಮುಟ್ಟಲಾಗಲಿಲ್ಲ ಎಂದರು. ಕಾಗದವನ್ನು ಸಹಿ ಮಾಡದೆಯೇ ಮಡಚಿ ಜೇಬಿಗೆ ತುರುಕಿ, ಬೆರಳು ಮಾಡಿ ಆ ಮೂಲೆಯನ್ನು ತೋರಿಸಿದರು.

ನಾನು ಎದ್ದು ಹೋಗಿ ಆ ಮೂಲೆಯನ್ನು ಒರೆಸಿದೆ.